ಕಂಡವರು ಯಾರು? – ಗ್ರೀಕ್ ಇತಿಹಾಸ ಮತ್ತು ಅದರ ಆಕರಗಳು



ಪ್ರಾಚೀನ ಗ್ರೀಕರ ಇತಿಹಾಸವನ್ನು ವಿಶ್ವವಿದ್ಯಾನಿಲಯದಲ್ಲಿ ಓದುವುದೆಂದರೆ ಏನು, ಆ ಇತಿಹಾಸಕ್ಕೆ ಆಕರಗಳು ಯಾವುವು ಎಂಬುದನ್ನು ಕುರಿತು ನಿಮ್ಮೊಡನೆ ಮಾತನಾಡಬೇಕಾಗಿದೆ. "ನಮಗೂ ಗ್ರೀಸಿಗೂ ಏನು ಸಂಬಂಧ?" ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸೀತು. ಸಂಬಂಧ ಉಂಟು ಎಂದು ಬಹಳ ಗಟ್ಟಿಯಾಗಿ ಸಾರಿ ನಾನೊಮ್ಮೆ ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಆ ಪ್ರಸಂಗದಿಂದಲೇ ತೊಡಗುತ್ತೇನೆ.

ನನ್ನ ಹುಟ್ಟೂರು ಮಧುವನಹಳ್ಳಿ. ಕೊಳ್ಳೇಗಾಲದಿಂದ ಹನೂರಿನ ಕಡೆಗೆ, ಮಾದಪ್ಪನ ಬೆಟ್ಟಕ್ಕೆ ಹೋಗುವ ಹಾದಿಯಲ್ಲಿದೆ. ಕೆಲಕಾಲದ ಹಿಂದೆ ಆ ಊರಿನ ಮೂವರು ಹುಡುಗರೂ ಒಬ್ಬ ಹುಡುಗಿಯೂ ಮೈಸೂರಿನ ನಮ್ಮ ಮನೆಗೆ ಬಂದರು. ಹುಡುಗಿ ಬಿ.ಎ. ಓದುತ್ತಿದ್ದಳು. ಊರಿನ ಹಬ್ಬಕ್ಕೆ ಒಂದು ಸ್ಮರಣ ಸಂಚಿಕೆ ತರುವ ಸಿದ್ಧತೆಯಲ್ಲಿದ್ದರು. ನಾನು ಮುನ್ನುಡಿ ಬರೆಯಬೇಕಂತೆ. ಕರಡನ್ನು ಓದಿದೆ. ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ, ನಮ್ಮ ನಾಡಿಗೆ ಗ್ರೀಕ್ ಪ್ರವಾಸಿ ಟಾಲೆಮಿ ಭೇಟಿ ಕೊಟ್ಟು ಇಲ್ಲಿಯ ರತ್ನದ ಗಣಿಗಳನ್ನು ಕಣ್ಣಾರೆ ಕಂಡು ಹೊಗಳಿದ್ದಾನೆ ಎಂದಿತ್ತು.

"ಇದಕ್ಕೆ ಆಧಾರವೇನಮ್ಮ?" ಎಂದು ಕೇಳಿದೆ.

ಹುಡುಗಿ ಚೀಲದಿಂದ ಒಂದು ಜೆರಾಕ್ಸ್ ಹಾಳೆ ತೆಗೆದು ಮುಂದಿಟ್ಟಳು. "ನೀವೇ ಬರೆದಿದ್ದೀರಲ್ಲ ಸಾರ್" ಎಂದಳು.

ನಿಜ. ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದ ಲೇಖನವದು. ಮರೆತೇಹೋಗಿತ್ತು. ಅದನ್ನು ಬರೆದ ದಿನಗಳಲ್ಲಿ ರಜೆಗೆ ಊರಿಗೆ ಹೋದಾಗ ಜಗುಲಿಯ ಮೇಲೆ ಕೂತು ಅಜ್ಜಿಗೆ ಓದಿ ಹೇಳಿದ್ದೆ. ಅಜ್ಜಿಗೆ ಅಕ್ಷರ ಬಾರದು. ಪೂರ್ತಿ ಕೇಳಿಸಿಕೊಂಡು, "ಅವ ಇಲ್ಗ ಬಂದುದ್ದ ಕಂಡೋರ್ಯಾರು ಮಗ?" ಎಂದಿದ್ದಳು. ಓದು ಬಾರದವಳ ಮಾತು ಎಂದು ನಕ್ಕು ಸುಮ್ಮನಾದೆ. ಇತಿಹಾಸವನ್ನು ಶಾಸ್ತ್ರೀಯವಾಗಿ ಓದತೊಡಗಿದ ಮೇಲೆ, ಆ ಒಂದು ಪ್ರಶ್ನೆಗಾಗಿಯೇ ಪಂಡಿತರು ತಲೆತಲಾಂತರದಿಂದ ತಲೆ ಕೆಡಿಸಿಕೊಂಡಿದ್ದಾರೆಂದು ತಿಳಿಯಿತು.

ಹಾಗಾದರೆ ಟಾಲೆಮಿ ನಮ್ಮ ಕಡೆಗೆ ಬಂದಿದ್ದನೆ? ಇಲ್ಲ. ಅವನು ಪ್ರವಾಸಿಯೇ ಅಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಕ್ರಿ.ಶ. 150ರ ಸುಮಾರಿನಲ್ಲಿದ್ದ ಖಗೋಳಜ್ಞ, ಗಣಿತಜ್ಞ. ಗ್ರೀಕ್ ಭಾಷೆಯಲ್ಲಿ ಬರೆದವನು. ಆಗ ಆ ನಗರ ರೋಮನ್ನರ ಆಳ್ವಿಕೆಗೆ ಸೇರಿತ್ತು. ಅವನ ಭೂಗೋಳ ಗ್ರಂಥದಲ್ಲಿ ಸುಮಾರು 8,000 ಸ್ಥಳನಾಮಗಳಿವೆ. ಒಂದೊಂದಕ್ಕೂ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟಿದ್ದಾನೆ. ನೋಡಿದರೆ ಎಲ್ಲವನ್ನೂ ಅಳೆದು ಬಂದವನ ಗ್ರಂಥದಂತೆಯೇ ಇದೆ! ಆದರೆ ಅವನು ಕಲೆಹಾಕಿದ್ದು ತನಗಿಂತ ಸ್ವಲ್ಪ ಹಿಂದಿದ್ದ ಮಾರಿನಸ್ ಎಂಬುವನ ಗ್ರಂಥದಿಂದ, ಹಡಗಿನ ವ್ಯಾಪಾರಿಗಳ ಮಾತಿನಿಂದ. ಆದ್ದರಿಂದಲೇ ಅವನ ಲೆಕ್ಕದಂತೆ ನಕ್ಷೆ ಬರೆದರೆ ನಮ್ಮ ಪರ್ಯಾಯದ್ವೀಪ ದಕ್ಷಿಣಕ್ಕೆ ಚಾಚಿಕೊಳ್ಳುವುದೇ ಇಲ್ಲ, ಸಪಾಟಾಗಿ ಪೂರ್ವಕ್ಕೆ ಹೊರಳಿಕೊಳ್ಳುತ್ತದೆ; ಶ್ರೀಲಂಕಾ ಇರುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ.

ಆ ಗ್ರಂಥದ ಏಳನೆಯ ಭಾಗದಲ್ಲಿ, ಒಳನಾಡಿನ ಪಟ್ಟಣಗಳ ಒಂದು ಪಟ್ಟಿಯ ನಡುವೆ, "ಪೌನ್ನಾಟ" ಎಂಬ ಹೆಸರಿದೆ. ಅಲ್ಲಿ ಬೆರಿಲ್ ಎಂಬ ಹಸಿರು ಛಾಯೆಯ ರತ್ನ ಸಿಗುತ್ತದೆಂಬ ಪುಟ್ಟ ಟಿಪ್ಪಣಿ ಇದೆ. ಅಷ್ಟೆ. ಹೊಗಳಿಕೆಯೂ ಇಲ್ಲ, ವರ್ಣನೆಯೂ ಇಲ್ಲ. ಈ ಒಂದು ಸಾಲನ್ನು ನಾನು ಲೇಖನದಲ್ಲಿ ಎರಡು ಪುಟಕ್ಕೆ ಹಿಗ್ಗಿಸಿದ್ದೆ.

ಈ ಪೌನ್ನಾಟವೇ ನಮ್ಮ ಪುನ್ನಾಟ ಅಥವಾ ಪುನ್ನಾಡು ಎಂದವರು ಬಿ.ಎಲ್. ರೈಸ್. ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ಮಹನೀಯರು. ಪುನ್ನಾಟ ಕಟ್ಟುಕಥೆಯ ರಾಜ್ಯವಲ್ಲ. ಕಪಿಲಾ-ಕಾವೇರಿ ಸೀಮೆಯಲ್ಲಿದ್ದ ಸಣ್ಣ ರಾಜ್ಯ. ಅದರ ರಾಜಧಾನಿ ಕೀರ್ತಿಪುರವೆಂದರೆ ಹೆಗ್ಗಡದೇವನಕೋಟೆ ಕಡೆಯ ಕಿತ್ತೂರು ಎನ್ನುತ್ತಾರೆ. ಗಂಗರ ಅವಿನೀತ ಪುನ್ನಾಟದ ಅರಸು ಸ್ಕಂದವರ್ಮನ ಮಗಳನ್ನು ಮದುವೆಯಾದ. ಅವರ ಮಗನೇ ದುರ್ವಿನೀತ. ಜೈನ ಮುನಿಗಳ ಪುನ್ನಾಟ ಸಂಘ ದೂರದ ಗುಜರಾತಿನವರೆಗೆ ಹೋಗಿ ನೆಲೆಸಿತ್ತು; ಆ ಸಂಘದ ಜಿನಸೇನ 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ. ಪುನ್ನಾಟದ ಅರಸರ ತಾಮ್ರಶಾಸನವೊಂದು ಸಿಕ್ಕಿರುವುದು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ. ನೀವು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಬಂದವರಾದರೆ ಆ ಊರಿನ ಹೆಸರನ್ನು ಕಂಡೇ ಇರುತ್ತೀರಿ.

ಇಷ್ಟು ಓದಿದ ಹತ್ತೊಂಬತ್ತರ ಹುಡುಗನಿಗೆ ಇನ್ನೇನು ಬೇಕು? ಅಲೆಕ್ಸಾಂಡ್ರಿಯಾದ ಗ್ರಂಥದಲ್ಲಿ ಪುನ್ನಾಟ, ಮಾಂಬಳ್ಳಿಯ ತಾಮ್ರದ ಹಲಗೆಗಳಲ್ಲಿ ಪುನ್ನಾಟ, ಸೇತುವೆ ಕಟ್ಟಿಯೇಬಿಟ್ಟೆ. ಆದರೆ ಸೇತುವೆಯ ಕಂಬಗಳ ನಡುವೆ ಎಷ್ಟು ದೂರವಿದೆ ಎಂದು ಅಳೆಯಲಿಲ್ಲ. ಟಾಲೆಮಿಯದು ಎರಡನೆಯ ಶತಮಾನ. ಪುನ್ನಾಟದ ಅರಸರ ತಾಮ್ರಶಾಸನಗಳು ಅದಕ್ಕೆ ಸುಮಾರು ಮುನ್ನೂರು ವರ್ಷಗಳಾದರೂ ಈಚಿನವು. ಹೆಸರು ಒಂದೇ ಇರಬಹುದು. ನಡುವಿನ ಕಾಲಕ್ಕೆ ಸಾಕ್ಷಿ ಎಲ್ಲಿದೆ? ಇದನ್ನು ಬನವಾಸಿಯೊಡನೆ ಹೋಲಿಸಿ ನೋಡಿ. ಟಾಲೆಮಿ ಬನವಾಸಿಯ ಹೆಸರನ್ನೂ ಹೇಳುತ್ತಾನೆ. ಅಲ್ಲಿ ಶಾತವಾಹನರ, ಚುಟು ಅರಸರ ಕಾಲದ ಪ್ರಾಕೃತ ಶಾಸನಗಳೇ ದೊರೆತಿವೆ. ಗ್ರಂಥವೂ ನೆಲವೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಒಂದೇ ಮಾತು ಹೇಳುತ್ತಿವೆ. ಪುನ್ನಾಟದ ವಿಷಯ ಹಾಗಲ್ಲ.

ಇನ್ನೊಂದು ತೊಡಕೂ ಇದೆ. ಬೆರಿಲ್ ಸಿಗುತ್ತಿದ್ದ ಹಳೆಯ ಗಣಿಯಾಗಿ ಪ್ರಸಿದ್ಧವಾಗಿರುವುದು ತಮಿಳುನಾಡಿನ ಕಾಂಗೇಯಂ ಬಳಿಯ ಪಡಿಯೂರು. ಅಲ್ಲಿಗೆ ದೂರವಲ್ಲದ ಕೊಡುಮಣಲಿನಲ್ಲಿ ಉತ್ಖನನ ಮಾಡಿದಾಗ ಬೆರಿಲ್ಲಿನಿಂದ ಮಣಿ ಮಾಡುತ್ತಿದ್ದ ಕುರುಹುಗಳು ಸಿಕ್ಕಿವೆ. ಆ ಸೀಮೆಯಲ್ಲಿ ರೋಮನ್ ನಾಣ್ಯಗಳ ನಿಧಿಗಳೂ ದೊರೆತಿವೆ. ಟಾಲೆಮಿಯ ಪಟ್ಟಿಯಲ್ಲಿ ಪೌನ್ನಾಟದ ನೆರೆಯಲ್ಲೇ ಚೇರರ ರಾಜಧಾನಿ ಕರೂರಿನ ಹೆಸರು ಬರುತ್ತದೆ. ಆದ್ದರಿಂದ ಪೌನ್ನಾಟವನ್ನು ಆ ಕಡೆಗೇ ಹುಡುಕಬೇಕು ಎನ್ನುವವರಿದ್ದಾರೆ. ನಮ್ಮ ಕಡೆಯವರು ಪುನ್ನಾಟವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ನನ್ನ ಮನಸ್ಸು ಈಗಲೂ ಪುನ್ನಾಟದ ಕಡೆಗೇ ವಾಲುತ್ತದೆ. ಆದರೆ ಮನಸ್ಸು ವಾಲುವುದು ಆಧಾರವಾಗುವುದಿಲ್ಲವಲ್ಲ!

ಇಲ್ಲೊಂದು ಸ್ವಾರಸ್ಯವಿದೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಡಿಯೂರೂ ಅದೇ ಜಿಲ್ಲೆ. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ, ಮೈಸೂರಿನ ನೆಲ. ರೈಸ್ ಅವರು ಮೈಸೂರು ಸಂಸ್ಥಾನದ ಅಧಿಕಾರಿ. ಹೀಗಾಗಿ ಅವರ ಎಪಿಗ್ರಾಫಿಯ ಕರ್ನಾಟಕದ ಹಳೆಯ ಸಂಪುಟಗಳಲ್ಲಿ ಯಳಂದೂರಿನ ಶಾಸನಗಳಿವೆ, ಕೊಳ್ಳೇಗಾಲದವು ಇಲ್ಲ. ಮೊದಲ ಸಲ ಪುಟ ತಿರುವಿದಾಗ ನಾನು, ನಮ್ಮ ತಾಲ್ಲೂಕಿನಲ್ಲಿ ಶಾಸನಗಳೇ ಇಲ್ಲವೇನೋ ಎಂದು ಪೆಚ್ಚಾಗಿದ್ದೆ. ಶಾಸನಗಳಿದ್ದವು, ಹುಡುಕುವವರ ಗಡಿ ಆಚೆ ಊರಿಗೆ ಮುಗಿದುಹೋಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಈಗ ಕೊಳ್ಳೇಗಾಲವೂ ಸೇರಿದೆ.

ಗ್ರೀಸಿನ ಇತಿಹಾಸದಲ್ಲೂ ಇದೇ ತಾಪತ್ರಯ. ನಾವು ಗ್ರೀಕ್ ಇತಿಹಾಸ ಎಂದು ಓದುವುದರಲ್ಲಿ ಬಹುಪಾಲು ಅಥೆನ್ಸಿನ ಇತಿಹಾಸ. ಅಥೆನ್ಸಿನವರು ಬರೆದರು, ಕಲ್ಲಿನಲ್ಲಿ ಕೆತ್ತಿಸಿದರು. ಅವರ ಕೂಟದ ಮಿತ್ರನಗರಗಳು ಕಟ್ಟುತ್ತಿದ್ದ ಕಪ್ಪದಲ್ಲಿ ಅರವತ್ತರಲ್ಲೊಂದು ಪಾಲು ಅಥೀನಾ ದೇವತೆಗೆ ಸಲ್ಲುತ್ತಿತ್ತು, ಕ್ರಿ.ಪೂ. 454ರಿಂದ ಆ ಲೆಕ್ಕವನ್ನೂ ದೊಡ್ಡ ಕಲ್ಲುಗಳ ಮೇಲೆ ಹೊಡೆಸಿದ್ದಾರೆ. ಸ್ಪಾರ್ಟಾದವರು ಇಂಥದ್ದನ್ನು ಹೆಚ್ಚಾಗಿ ಮಾಡಲಿಲ್ಲ. ಸ್ಪಾರ್ಟಾದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಹೊರಗಿನವರು ಹೇಳಿದ್ದು. ಅದನ್ನು ಮೆಚ್ಚಿ ಬರೆದ ಕ್ಸೆನೊಫನ್ ಕೂಡ ಅಥೆನ್ಸಿನವನೇ.

ನಾನು ಬಿ.ಎ. ಓದುವಾಗ ಈ ವಿಷಯವೆಲ್ಲ ಐದು ಅಂಕದ ಒಂದು ಟಿಪ್ಪಣಿಯಾಗಿತ್ತು. "ಆಕರಗಳು ಎರಡು ವಿಧ: ಸಾಹಿತ್ಯಕ ಮತ್ತು ಪುರಾತತ್ವ." ಅದರ ಕೆಳಗೆ ಹೆಸರುಗಳು. ಹೆರೊಡೊಟಸ್, ಥುಸಿಡಿಡೀಸ್, ಮೆಗಾಸ್ತನೀಸ್ ಎಂದು ಗಿಳಿಪಾಠ ಒಪ್ಪಿಸಿದರೆ ಐದಕ್ಕೆ ನಾಲ್ಕು ಅಂಕ ಖಂಡಿತ. ಎಂ.ಎ.ಗೆ ಬಂದ ಹೊಸತರಲ್ಲಿ ಮೆಗಾಸ್ತನೀಸನ "ಇಂಡಿಕಾ" ಬೇಕೆಂದು ಗ್ರಂಥಾಲಯದಲ್ಲಿ ಕೇಳಿದೆ. ಗ್ರಂಥಪಾಲಕರು ಮೆಕ್ರಿಂಡಲ್ಲರ ಇಂಗ್ಲಿಷ್ ಅನುವಾದ ತಂದುಕೊಟ್ಟರು. ಬಿಡಿಸಿ ನೋಡಿದರೆ ಬರೀ ತುಣುಕುಗಳು! ಇಂಡಿಕಾ ಎಂಬ ಗ್ರಂಥ ಎಂದೋ ಕಳೆದುಹೋಗಿದೆ. ಸ್ಟ್ರಾಬೊ, ಡಿಯೊಡೊರಸ್, ಅರಿಯನ್ ಮೊದಲಾದವರು ಮುನ್ನೂರು ನಾನೂರು ವರ್ಷ ಕಳೆದ ಮೇಲೆ ತಮತಮಗೆ ಬೇಕಾದ್ದನ್ನು ಎತ್ತಿ ಬರೆದುಕೊಂಡದ್ದನ್ನು 1846ರಲ್ಲಿ ಶ್ವಾನ್‌ಬೆಕ್ ಎಂಬ ಜರ್ಮನ್ ವಿದ್ವಾಂಸರು ಒಟ್ಟುಗೂಡಿಸಿದರು. ಪರೀಕ್ಷೆಯಲ್ಲಿ "ಮೆಗಾಸ್ತನೀಸ್ ಹೇಳುತ್ತಾನೆ" ಎಂದು ಬರೆದಾಗಲೆಲ್ಲ ನಾವು ಬರೆಯಬೇಕಾದದ್ದು "ಮೆಗಾಸ್ತನೀಸ್ ಹೇಳಿದನೆಂದು ಸ್ಟ್ರಾಬೊ ಹೇಳುತ್ತಾನೆ" ಎಂದು. ಸ್ಟ್ರಾಬೊನಿಗಂತೂ ಮೆಗಾಸ್ತನೀಸನ ಮೇಲೆ ನಂಬಿಕೆಯೇ ಕಡಿಮೆ.

ಈಗ ಕನ್ನಡದಲ್ಲೇ ಓದಬಹುದಾದ ಒಂದು ಗ್ರೀಕ್ ಆಕರವನ್ನು ಹೇಳುತ್ತೇನೆ. ಬಿ.ಎಂ. ಶ್ರೀಕಂಠಯ್ಯನವರು ಕನ್ನಡಿಸಿದ "ಪಾರಸಿಕರು". ಗ್ರೀಕ್ ಮೂಲವನ್ನು ಬರೆದವನು ಈಸ್ಕಿಲಸ್. ಅಥೆನ್ಸಿನಲ್ಲಿ ಅದನ್ನು ಆಡಿದ್ದು ಕ್ರಿ.ಪೂ. 472ರಲ್ಲಿ. ವಸ್ತು ಪುರಾಣದ್ದಲ್ಲ. ಅದಕ್ಕೆ ಎಂಟು ವರ್ಷ ಮೊದಲು, ಕ್ರಿ.ಪೂ. 480ರಲ್ಲಿ, ಸಲಾಮಿಸ್ ದ್ವೀಪದ ಬಳಿ ಗ್ರೀಕರು ಪರ್ಷಿಯಾದ ನೌಕಾಬಲವನ್ನು ಸೋಲಿಸಿದರಲ್ಲ, ಆ ಸುದ್ದಿ ಪರ್ಷಿಯಾದ ಅರಮನೆಗೆ ಮುಟ್ಟುವುದೇ ನಾಟಕ. ಈಸ್ಕಿಲಸ್ ಪರ್ಷಿಯನ್ನರ ಎದುರು ಸ್ವತಃ ಯುದ್ಧ ಮಾಡಿದವನು. ಪ್ರೇಕ್ಷಕರಲ್ಲಿಯೂ ಎಷ್ಟೋ ಮಂದಿ ಆ ಹಡಗುಗಳಲ್ಲಿ ಹುಟ್ಟು ಹಾಕಿದವರೇ. "ಕಂಡೋರ್ಯಾರು?" ಎಂಬ ನಮ್ಮಜ್ಜಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕೀತೆ?

ಸ್ವಲ್ಪ ತಾಳಿ. ನಾಟಕದ ದೂತ ಪರ್ಷಿಯಾದ ಹಡಗುಗಳ ಲೆಕ್ಕ ಹೇಳುತ್ತಾನೆ: ಒಂದು ಸಾವಿರ, ಜೊತೆಗೆ ವೇಗದವು ಇನ್ನೂರ ಏಳು. ಆಮೇಲೆ ಒಂದು ತಲೆಮಾರು ಕಳೆದು ಹೆರೊಡೊಟಸ್ ತನ್ನ ಇತಿಹಾಸ ಬರೆದ. ಅವನ ಲೆಕ್ಕ 1,207. ಎರಡು ಆಕರಗಳು ಸರಿಯಾಗಿ ಒಂದೇ ಸಂಖ್ಯೆ ಹೇಳುತ್ತಿವೆ, ಆದ್ದರಿಂದ ಅದು ನಿಜ ಎನ್ನೋಣವೆ? ಹೆರೊಡೊಟಸ್ ಆ ನಾಟಕದಿಂದಲೇ ಸಂಖ್ಯೆಯನ್ನು ತೆಗೆದುಕೊಂಡಿದ್ದರೆ? ಆಗ ಸಾಕ್ಷಿ ಎರಡಲ್ಲ, ಒಂದೇ. ಅದೂ ನಾಟಕದ ಮಾತು. ಶತ್ರುವಿನ ಹಡಗು ಹೆಚ್ಚಾದಷ್ಟೂ ಗೆದ್ದವರ ಹೆಮ್ಮೆ ಹೆಚ್ಚು. ಇಂದಿನ ಬಹುಮಂದಿ ವಿದ್ವಾಂಸರು ಆ ಸಂಖ್ಯೆಯನ್ನು ಹಾಗೆಯೇ ನಂಬುವುದಿಲ್ಲ. ಕಂಡವನ ಮಾತೂ ಪರೀಕ್ಷೆಗೆ ಒಳಪಡಬೇಕು. ಇಬ್ಬರು ಒಂದೇ ಮಾತು ಹೇಳಿದರೆ ಇಬ್ಬರಿಗೂ ಅದನ್ನು ಹೇಳಿದವರು ಯಾರೆಂದು ಕೇಳಬೇಕು. ಮಧುವನಹಳ್ಳಿಯ ಹುಡುಗರ ಕರಡೂ ನನ್ನ ಹಳೆಯ ಲೇಖನವೂ ಒಂದೇ ಮಾತು ಹೇಳುತ್ತಿದ್ದವು. ಮುಂದೆ ಯಾರಾದರೂ ಎರಡನ್ನೂ ಓದಿ, "ಎರಡು ಆಧಾರಗಳಿವೆ" ಎಂದರೆ ಏನು ಗತಿ!

ಹೆರೊಡೊಟಸನನ್ನು ಇಷ್ಟಕ್ಕೇ ತಳ್ಳಿಹಾಕಬೇಡಿ. ಜನ ಹೇಳಿದ್ದನ್ನು ದಾಖಲಿಸುವುದು ತನ್ನ ಕೆಲಸ, ನಂಬಲೇಬೇಕೆಂಬ ಕಟ್ಟುಪಾಡು ತನಗಿಲ್ಲ ಎಂದು ಅವನೇ ಒಂದೆಡೆ ಹೇಳಿಕೊಂಡಿದ್ದಾನೆ. ಭಾರತದಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನದ ಮರಳನ್ನು ಅಗೆದು ಹಾಕುತ್ತವೆಂದು ಬರೆದವನೂ ಅವನೇ. ಅವನನ್ನು ಓದಿದರೆ ನಮ್ಮೂರ ಸಂತೆಯಲ್ಲಿ ಕೂತು ದೂರದೂರಿನ ಸುದ್ದಿ ಕೇಳಿದಂತಾಗುತ್ತದೆ. ಥುಸಿಡಿಡೀಸ್ ಬೇರೆ ಬಗೆ. ಬಿಗಿ, ನಿಷ್ಠುರ. ಅಥೆನ್ಸ್ ಸ್ಪಾರ್ಟಾಗಳ ಯುದ್ಧದಲ್ಲಿ ತಾನೇ ಸೇನಾನಿಯಾಗಿದ್ದು, ಆಂಫಿಪೊಲಿಸ್ ನಗರವನ್ನು ಉಳಿಸಿಕೊಳ್ಳಲಾಗದೆ ದೇಶಭ್ರಷ್ಟನಾದವನು. ಅವನ ಗ್ರಂಥದ ಭವ್ಯ ಭಾಷಣಗಳೆಲ್ಲ ಮಾತಿಗೆ ಮಾತು ನಡೆದವಲ್ಲ; ಸಂದರ್ಭಕ್ಕೆ ತಕ್ಕುದೆಂದು ತೋರಿದ್ದನ್ನು ಬರೆದಿದ್ದೇನೆಂದು ಅವನೇ ಒಪ್ಪಿಕೊಂಡಿದ್ದಾನೆ. ಈ ಒಪ್ಪಿಗೆಯನ್ನು ಓದದೆ ಭಾಷಣಗಳನ್ನು ಉರು ಹೊಡೆಯುವವರೇ ಹೆಚ್ಚು.

ಇನ್ನು ಹೋಮರ್. ಟ್ರೋಜನ್ ಯುದ್ಧ ನಡೆಯಿತೆ ಎಂಬ ಪ್ರಶ್ನೆ ತರಗತಿಯಲ್ಲಿ ಬಂದಾಗ ನನಗೆ ನೆನಪಾದದ್ದು ನಮ್ಮ ದೇವರಗುಡ್ಡರು. ದೀಪಾವಳಿ, ಶಿವರಾತ್ರಿ ಬಂತೆಂದರೆ ನಮ್ಮೂರ ರಸ್ತೆಯ ತುಂಬ ಬೆಟ್ಟಕ್ಕೆ ನಡೆಯುವ ಪರಸೆಯವರು. ಕಂಸಾಳೆಯ ದನಿ ಕೇಳುತ್ತ ಬೆಳೆದವರು ನಾವು. ಮಾದಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಕಲಾವಿದರು ಪುಸ್ತಕ ನೋಡಿ ಹಾಡುವುದಿಲ್ಲ. ಪಲ್ಲವಿ, ಪಡಿಯಚ್ಚಿನ ಮಾತುಗಳು, ಬಿರುದುಗಳು ನಾಲಗೆಯ ಮೇಲಿರುತ್ತವೆ. ಅವುಗಳನ್ನು ಜೋಡಿಸುತ್ತ ಕಥೆಯನ್ನು ಬೆಳೆಸುತ್ತಾರೆ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ ಯುಗೊಸ್ಲಾವಿಯಾದ ಹಳ್ಳಿಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು, ಹೋಮರನ ಕಾವ್ಯವೂ ಇಂಥದೇ ಬಾಯಿಪಾಠದ ಸಂಪ್ರದಾಯದಿಂದ ಬಂದದ್ದೆಂದು ತೋರಿಸಿಕೊಟ್ಟ. ಅವನ ಸಿದ್ಧಾಂತ ನನಗೆ ಬೇಗ ತಲೆಗೆ ಹತ್ತಿತು, ಏಕೆಂದರೆ ಅದರ ಪ್ರಾಯೋಗಿಕ ಪಾಠ ನಮ್ಮ ಜಗುಲಿಯ ಮೇಲೆ ಆಗಿಹೋಗಿತ್ತು!

ಮಾದಪ್ಪನ ಕಾವ್ಯದಲ್ಲಿ ಕುಂತೂರು ಮಠ ಬರುತ್ತದೆ, ತಾಳುಬೆಟ್ಟ ಬರುತ್ತದೆ. ಇವೆಲ್ಲ ನಿಜವಾದ ಊರುಗಳು, ನಿಜವಾದ ಬೆಟ್ಟಗಳು. ಅಷ್ಟರಿಂದ ಅಲ್ಲಿ ನಡೆಯಿತೆನ್ನುವ ಪ್ರತಿಯೊಂದು ಘಟನೆಯೂ ಚರಿತ್ರೆಯಾಗುವುದಿಲ್ಲ. ಹಾಗೆಂದು ಕಾವ್ಯ ಸುಳ್ಳೂ ಆಗುವುದಿಲ್ಲ. ಹಾಡುವ ಜನರ ಬದುಕು, ಬೇಸಾಯ, ಜಗಳ, ಭಯಭಕ್ತಿಗಳಿಗೆ ಅದರಷ್ಟು ಒಳ್ಳೆಯ ಆಕರ ಮತ್ತೊಂದಿಲ್ಲ. ಹೋಮರನದೂ ಹೀಗೆಯೇ. ಷ್ಲೀಮನ್ 1870ರಲ್ಲಿ ಹಿಸಾರ್ಲಿಕ್ ದಿಬ್ಬವನ್ನು ಅಗೆಯತೊಡಗಿ, ಒಂದರ ಮೇಲೊಂದು ಇದ್ದ ಪಟ್ಟಣಗಳನ್ನು ಕಂಡ. ಪಟ್ಟಣ ಸಿಕ್ಕಿತು. ಹೆಲೆನ್ ಸಿಗಲಿಲ್ಲ.

ನೆಲದಿಂದ ಬರುವ ಸಾಕ್ಷಿಗೆ ಬರಹಗಾರನ ಹಂಗಿಲ್ಲ. ಅಥೆನ್ಸಿನಲ್ಲಿ ಒಂದು ಪದ್ಧತಿ ಇತ್ತು: ಪ್ರಬಲನಾಗಿ ಬೆಳೆಯುತ್ತಿರುವ ನಾಯಕನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಹಾಕುವುದು, ಮತ ಸಾಕಷ್ಟು ಬಿದ್ದರೆ ಅವನು ಹತ್ತು ವರ್ಷ ಊರು ಬಿಡಬೇಕು. ಸಲಾಮಿಸ್ ಗೆಲುವಿಗೆ ಕಾರಣನಾದ ಥೆಮಿಸ್ಟೊಕ್ಲಿಸನನ್ನೇ ಹೀಗೆ ಓಡಿಸಿದರು. 1937ರಲ್ಲಿ ಆಸ್ಕರ್ ಬ್ರೋನಿಯರ್ ಎಂಬ ಪುರಾತತ್ವಜ್ಞರು ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಹಳೆಯ ಬಾವಿಯೊಂದರಲ್ಲಿ ಅವನ ಹೆಸರಿನ ಸುಮಾರು 190 ಚೂರುಗಳನ್ನು ಕಂಡರು. ಕೈಬರಹವನ್ನು ಪರೀಕ್ಷಿಸಿದಾಗ, ಎಲ್ಲವನ್ನೂ ಬರೆದವರು ಹದಿನಾಲ್ಕು ಮಂದಿ ಮಾತ್ರ ಎಂದು ಹೊರಬಿತ್ತು. ಯಾರೋ ಮೊದಲೇ ಬರೆದು ಹಂಚಲು ಇಟ್ಟುಕೊಂಡಿದ್ದರು! ಚುನಾವಣೆಯ ಹಿಂದಿನ ದಿನ ನಮ್ಮಲ್ಲಿ ಚೀಟಿ ಹಂಚುವುದನ್ನು ಕಂಡಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಥೆನ್ಸಿನ ಪ್ರಜಾಪ್ರಭುತ್ವವನ್ನು ಹೊಗಳುವ ಯಾವ ಲೇಖಕನೂ ಈ ಸಂಗತಿಯನ್ನು ನಮಗೆ ಹೇಳಿಲ್ಲ. ಬಾವಿ ಹೇಳಿತು.

ಕಳೆದುಹೋದ ಗ್ರಂಥಗಳು ಮರಳಿ ಬರುವುದೂ ಉಂಟು. ಅರಿಸ್ಟಾಟಲನ ಹೆಸರಿನಲ್ಲಿರುವ, ಅಥೆನ್ಸಿನ ಆಡಳಿತವನ್ನು ಕುರಿತ ಗ್ರಂಥ ಶತಮಾನಗಳ ಕಾಲ ಹೆಸರು ಮಾತ್ರವಾಗಿತ್ತು. ಈಜಿಪ್ಟಿನ ಒಣಹವೆಯಲ್ಲಿ ಉಳಿದಿದ್ದ ಪಪೈರಸ್ ಸುರುಳಿಗಳಲ್ಲಿ ಅದು ಸಿಕ್ಕಿ 1891ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಆ ಸುರುಳಿಗಳ ಮುಂಬದಿಯಲ್ಲಿದ್ದದ್ದು ಒಂದು ಜಮೀನಿನ ಜಮಾಖರ್ಚು. ಕಾಗದ ದುಬಾರಿಯೆಂದು ಯಾರೋ ಹಿಂಬದಿಯಲ್ಲಿ ಗ್ರಂಥವನ್ನು ನಕಲು ಮಾಡಿಕೊಂಡಿದ್ದರು. ನಮ್ಮ ಮೈಸೂರಿನಲ್ಲೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಇಂಥದೊಂದು ನಡೆಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಓರಿಯೆಂಟಲ್ ಲೈಬ್ರರಿಗೆ ಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಲೆಕ್ಕದ ಕಡತವಿದ್ದರೆ ಒಲೆಗೆ ಹಾಕುವ ಮುನ್ನ ಎರಡೂ ಬದಿ ನೋಡಿ.

ಶಾಮಶಾಸ್ತ್ರಿಗಳ ಹೆಸರು ಬಂದದ್ದರಿಂದ ಇನ್ನೊಂದು ಪಪೈರಸಿನ ಮಾತು ಹೇಳಲೇಬೇಕು. ಇಲ್ಲದಿದ್ದರೆ ನೀವು ಪತ್ರ ಬರೆದು ಕೇಳುತ್ತೀರಿ. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ತೀರದ ಅರಸನೊಬ್ಬ ಪಾತ್ರಧಾರಿ. ಅವನೂ ಅವನ ಕಡೆಯವರೂ ಗ್ರೀಕರಿಗೆ ಅರ್ಥವಾಗದ ಮಾತಾಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಹುಲ್ಷ್ ಎಂಬ ಶಾಸನತಜ್ಞರು ಸೂಚಿಸಿದರು. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಬಾರ್ನೆಟ್ ಎಂಬ ವಿದ್ವಾಂಸರು ಒಪ್ಪಲಿಲ್ಲ. ತುಳು ಎಂದವರಿದ್ದಾರೆ, ನಗಿಸಲೆಂದು ಹೆಣೆದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಕನ್ನಡವೇ ಆಗಿದ್ದರೆ ನನ್ನಷ್ಟು ಸಂತೋಷಪಡುವವರಿಲ್ಲ. ಸಂತೋಷವಾಗುವ ತೀರ್ಮಾನವನ್ನು ಎರಡು ಸಲ ತೂಗಬೇಕೆಂದು ಪುನ್ನಾಟ ನನಗೆ ಕಲಿಸಿದೆ.

ಗ್ರೀಕ್ ಕಲಿಯದೆ ಇದನ್ನೆಲ್ಲ ಓದಬಹುದೆ ಎಂದು ಕೇಳುತ್ತೀರಿ. ಆರಂಭಕ್ಕೆ ಅನುವಾದಗಳು ಸಾಕು. ಎಡಪುಟದಲ್ಲಿ ಗ್ರೀಕ್, ಬಲಪುಟದಲ್ಲಿ ಇಂಗ್ಲಿಷ್ ಇರುವ ಲೋಬ್ ಮಾಲೆಯ ಹಸಿರು ಪುಸ್ತಕಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಈಗ ಅಂತರಜಾಲದಲ್ಲೂ ಅನೇಕ ಮೂಲಗ್ರಂಥಗಳು ಬಿಟ್ಟಿಯಾಗಿ ದೊರೆಯುತ್ತವೆ. ನಮ್ಮ ಕಾಲದಲ್ಲಿ ಆ ಭಾಗ್ಯವಿರಲಿಲ್ಲ. ಗ್ರೀಕ್ ವರ್ಣಮಾಲೆಯಲ್ಲಿ ಇರುವುದು 24 ಅಕ್ಷರ. ನಮ್ಮ ಒತ್ತಕ್ಷರ, ಕಾಗುಣಿತಗಳನ್ನು ಗೆದ್ದವರಿಗೆ ಅದೇನು ಕಷ್ಟ? ಒಂದು ವಾರದಲ್ಲಿ ಅಕ್ಷರ ಕಲಿತು, ಟಾಲೆಮಿಯ ಮೂಲದಲ್ಲಿ ಪೌನ್ನಾಟ ಎಂಬ ಪದವನ್ನು ನಾನೇ ಕೂಡಿಸಿ ಓದಿದ ದಿನ ಊಟ ಸೇರಲಿಲ್ಲ. ಆಮೇಲೆ ತಿಳಿಯಿತು, ಟಾಲೆಮಿ ಬರೆದ ಪ್ರತಿ ಎಲ್ಲೂ ಇಲ್ಲ. ಈಗ ಉಳಿದಿರುವ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯವು ಹದಿಮೂರನೆಯ ಶತಮಾನದ ಕೊನೆಯ ಭಾಗದವು. ಸಾವಿರದ ನೂರು ವರ್ಷ ಕೈಯಿಂದ ಕೈಗೆ ನಕಲಾಗುತ್ತ ಬಂದ ಹೆಸರದು. ನಡುವೆ ಎಷ್ಟು ಲಿಪಿಕಾರರು ತೂಕಡಿಸಿದರೋ!

ಆ ಸ್ಮರಣ ಸಂಚಿಕೆ ಏನಾಯಿತೆಂದು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ನನ್ನ ಲೇಖನವೇ ತಪ್ಪು ಎಂದು ಹುಡುಗರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ಒಬ್ಬ, "ಊರಿನ ಹೆಸರು ಮೇಲೆ ಬರಲಿ ಅಂತ ಮಾಡಿದ್ದು ಸಾರ್, ಯಾರು ಬಂದು ಕೇಳ್ತಾರೆ?" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ; ನಲವತ್ತು ವರ್ಷದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಹುಡುಗಿ ಮಾತ್ರ ಕರಡನ್ನು ಎಳೆದುಕೊಂಡು, ಭೇಟಿ ಕೊಟ್ಟ ಎಂಬುದನ್ನೂ ಕಣ್ಣಾರೆ ಕಂಡ ಎಂಬುದನ್ನೂ ಹೊಡೆದುಹಾಕಿದಳು. "ಹೊಗಳಿದ್ದಾನೆ ಅನ್ನೋದು ಇರಲಾ ಸಾರ್?" ಎಂದು ಕೇಳಿದಳು. ಅದೂ ಇಲ್ಲವಮ್ಮ ಎಂದೆ. ಮುನ್ನುಡಿಯ ಬದಲು, ನನ್ನ ಹಳೆಯ ಲೇಖನದ ತಪ್ಪುಗಳನ್ನು ಪಟ್ಟಿ ಮಾಡಿ ಒಂದು ಪುಟ ಬರೆದುಕೊಟ್ಟೆ. ಸಂಚಿಕೆ ಅಚ್ಚಾಗಿ ಬಂದಾಗ ನೋಡಿದರೆ, ಆ ಪುಟ ಒಳಗಿತ್ತು; ರಕ್ಷಾಪುಟದ ಮೇಲೆ "ಗ್ರೀಕರು ಹೊಗಳಿದ ನಾಡು" ಎಂದಿತ್ತು.

ಆ ಹುಡುಗಿ ಈಗ ಎಂ.ಎ. ಇತಿಹಾಸಕ್ಕೆ ಸೇರಿದ್ದಾಳೆ. ಮೊನ್ನೆ ಸಿಕ್ಕಿದಾಗ, ಮಾಂಬಳ್ಳಿಯ ತಾಮ್ರಶಾಸನದ ಪಾಠವನ್ನು ಬರೆದುಕೊಳ್ಳುತ್ತಿದ್ದೇನೆ, ಆಮೇಲೆ ಪಡಿಯೂರಿಗೂ ಒಮ್ಮೆ ಹೋಗಿಬರಬೇಕು, ಕೊಳ್ಳೇಗಾಲದಿಂದ ಯಾವ ಬಸ್ಸು ಹಿಡಿಯಬೇಕು ಸಾರ್ ಎಂದು ಕೇಳಿದಳು.